ಪಾದಯಾತ್ರೆಯ ಪಾದಗಳು

ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲದ ಕಡೆಗೆ ಜನರ ಸಾಲು ಹೊರಡುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಜಿಲ್ಲೆಗಳ ಭಕ್ತರು ಹೆಗಲಿಗೊಂದು ಗಂಟು ಏರಿಸಿ, ಬಯಲು ನಾಡನ್ನು ದಾಟಿ, ಆತ್ಮಕೂರಿನ ಆಚೆ ನಲ್ಲಮಲದ ಕಾಡನ್ನು ಹೊಕ್ಕು ಮಲ್ಲಯ್ಯನ ಸನ್ನಿಧಿಯನ್ನು ಸೇರುತ್ತಾರೆ. ಬಾಗಲಕೋಟೆಯ ಕಡೆಯಿಂದ ಹೊರಟವರಿಗೆ ಇದು 300 ಕಿಲೋಮೀಟರಿಗೂ ಮಿಕ್ಕ ದಾರಿ. ಕಾಲವೋ ಕಡು ಬೇಸಿಗೆ. ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ವಿಭೂತಿ ಎಲ್ಲವೂ ಇರುತ್ತವೆ. ಇಷ್ಟನ್ನೂ ಹೊತ್ತು ನಡೆಯಬೇಕಾದ ಪಾದದ ಚಿಂತೆ ಮಾತ್ರ ಹೊರಡುವ ದಿನದವರೆಗೂ ಬಹಳ ಮಂದಿಗೆ ಬರುವುದಿಲ್ಲ.

ಅಂದು ಮುಂಜಾನೆ ಪೇಟೆಗೆ ಓಡಿ ಹೊಸ ಬೂಟು ಕೊಳ್ಳುವ ತರುಣನೊಬ್ಬ ತಂಡದಲ್ಲಿ ಇದ್ದೇ ಇರುತ್ತಾನೆ. ಅಂಗಡಿಯ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿ, ಸರಿಯಾಗಿದೆ ಎನ್ನುತ್ತಾನೆ. ಮೂರನೆಯ ದಿನ ಅವನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುತ್ತದೆ. ಬೂಟು ಗಂಟಿಗೆ ಜೋತುಬಿದ್ದಿರುತ್ತದೆ. ತಪ್ಪು ಬೂಟಿನದಲ್ಲ. ದಿನವೆಲ್ಲ ನಡೆದ ಕಾಲು ಸಂಜೆಗೆ ಊದಿಕೊಳ್ಳುತ್ತದೆ. ಮುಂಜಾನೆ ಹಿತವಾಗಿದ್ದುದು ಸಂಜೆಗೆ ಬಿಗಿ. ಆದುದರಿಂದ ಪಾದರಕ್ಷೆಯನ್ನು ಇಳಿಹೊತ್ತಿನಲ್ಲಿ, ದಾರಿಯಲ್ಲಿ ತೊಡುವ ಕಾಲುಚೀಲವನ್ನೇ ತೊಟ್ಟು ಕೊಳ್ಳಬೇಕು. ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಹಿಮ್ಮಡಿ ಮಾತ್ರ ಅಲುಗಬಾರದು. ಕೊಂಡ ಮೇಲೆ ಎರಡು ಮೂರು ವಾರ ಹೊಲಕ್ಕೂ ಸಂತೆಗೂ ಅದನ್ನೇ ಮೆಟ್ಟಿ ನಡೆಯಬೇಕು. ಬೆವರಿನಲ್ಲಿ ತೊಯ್ದ ಕಾಲುಚೀಲವನ್ನು ಬದಲಿಸುವ ಸೋಮಾರಿತನದಿಂದಲೇ ಅರ್ಧದಷ್ಟು ಬೊಬ್ಬೆಗಳು ಹುಟ್ಟುತ್ತವೆಂದರೆ ಅತಿಶಯೋಕ್ತಿಯಾಗದು.

ಇನ್ನು ಬರಿಗಾಲಿನ ಹರಕೆ ಹೊತ್ತವರು. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಅವರ ಮಾತು ಬೇರೆ. ಹುಟ್ಟಿದಂದಿನಿಂದ ಹೊಲದ ಹೆಂಟೆಗಳನ್ನು ತುಳಿದ ರೈತನ ಅಂಗಾಲು ತೊಗಲಿನ ಅಟ್ಟೆಯಂತೆ ಗಟ್ಟಿಯಾಗಿರುತ್ತದೆ. ಅವನನ್ನು ಕಂಡು ಕಚೇರಿಯ ಗುಮಾಸ್ತನೂ ಚಪ್ಪಲಿಯನ್ನು ಮನೆಯಲ್ಲಿಯೇ ಬಿಟ್ಟು ಹೊರಟರೆ, ನಡುಹಗಲಿನ ಡಾಂಬರು ಭಕ್ತಿಯ ತರತಮವನ್ನು ನೋಡದೆ ಸುಡುತ್ತದೆ. ಇದಕ್ಕಿಂತಲೂ ಹೆಚ್ಚಿನ ಅಪಾಯ ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರದು. ಅವರಲ್ಲಿ ಹಲವರ ಪಾದದ ನರಗಳು ಅರಿವನ್ನು ಕಳೆದುಕೊಂಡಿರುತ್ತವೆ. ನೆಲ ಸುಟ್ಟರೂ, ಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ನೋವಿಲ್ಲದಿರುವುದನ್ನು ಮಲ್ಲಯ್ಯನ ಕೃಪೆಯೆಂದು ನಂಬಿ ನಡೆದವರು, ಮಾಯದ ಹುಣ್ಣಿನಿಂದಾಗಿ ಕೊನೆಗೆ ಕಾಲನ್ನೇ ಕಳೆದುಕೊಳ್ಳುವುದುಂಟು. ಇಂಥವರು ಒಂದು ಹೆಜ್ಜೆಯನ್ನೂ ಬರಿಗಾಲಿನಲ್ಲಿ ಇಡಬಾರದು. ಪ್ರತಿ ಸಂಜೆ ಅಂಗಾಲನ್ನು ಜೊತೆಯವರಿಂದ ನೋಡಿಸಿಕೊಳ್ಳಬೇಕು. ಅಜ್ಜನಿಗೆ ಈ ಮಾತನ್ನು ಹೇಳುವುದು ಮೊಮ್ಮಗನಿಗೆ ಸುಲಭವಲ್ಲ. ಆದರೂ ಹೇಳಬೇಕು.

ದಾರಿಯ ಕಡೆಯ ಪರೀಕ್ಷೆ ಭೀಮನ ಕೊಳ್ಳ. ಆಳಕ್ಕಿಳಿದು ಮತ್ತೆ ಕಡಿದಾಗಿ ಏರುವ ಆ ಕಲ್ಲುದಾರಿಯಲ್ಲಿ ಕಣಕಾಲಿನ ಕೀಲು ದಣಿದಿರುತ್ತದೆ. ಇಳಿಯುವಾಗ ಲಾಡಿಯನ್ನು ಬಿಗಿದು ಕಟ್ಟದಿದ್ದರೆ ಬೆರಳುಗಳು ಬೂಟಿನ ಮೂತಿಗೆ ಗುದ್ದುತ್ತವೆ. ಸಡಿಲ ಕಲ್ಲಿನ ಮೇಲೆ ಕಾಲಿಟ್ಟರೆ ಪಾದ ಒಳಕ್ಕೆ ಮಗುಚಿ, ಹೊರಬದಿಯ ಕಟ್ಟುನಾರು ಉಳುಕುತ್ತದೆ. ಒಮ್ಮೆ ಉಳುಕಿದ ಕೀಲು ಮತ್ತೆ ಉಳುಕುವುದು ಸುಲಭ. ಹೊರಡುವ ಮುನ್ನ ಕೆಲವು ವಾರ ದಿನವೂ ಒಂಟಿಗಾಲಿನಲ್ಲಿ ನಿಂತು ಅಭ್ಯಾಸ ಮಾಡಿದವರ ಕೀಲು ಇಂಥಲ್ಲಿ ತನ್ನನ್ನು ತಾನೇ ಸಾವರಿಸಿಕೊಳ್ಳುತ್ತದೆ. ಕೈಯಲ್ಲಿ ಕೋಲಿದ್ದರೆ ಇನ್ನೂ ಲೇಸು.

ಉಳುಕಿ ಕುಳಿತ ತರುಣನ ಸುತ್ತ ಜನ ನೆರೆಯುತ್ತಾರೆ. ಒಬ್ಬರು ಬಿಸಿ ಎಣ್ಣೆ ಹಚ್ಚಿ ನೀವಲು ಕೈ ಚಾಚುತ್ತಾರೆ. ದಾರಿಯನ್ನು ಹಲವು ಸಲ ನಡೆದ ಹಿರಿಯರು ತಡೆಯುತ್ತಾರೆ: "ತಿಕ್ಕಬ್ಯಾಡ್ರಿ. ತಣ್ಣೀರ ಬಟ್ಟಿ ಸುತ್ತಿ, ಕಾಲು ಗಂಟಿನ ಮ್ಯಾಲೆ ಎತ್ತಿ ಇಡ್ರಿ." ಊತವನ್ನು ತಡೆಯಲು ಬಟ್ಟೆಯನ್ನು ಹದವಾಗಿ ಬಿಗಿದು ಕಟ್ಟುತ್ತಾರೆ. ಬಳಿಕ, "ನಾಕ ಹೆಜ್ಜಿ ಇಡ ನೋಡೂಣು, ತಮ್ಮಾ" ಎನ್ನುತ್ತಾರೆ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಲುಬು ಮುರಿದಿರಬಹುದು. ಆಗ ವೈದ್ಯರಿಗೆ ತೋರಿಸಲೇಬೇಕು.

ಸನ್ನಿಧಿ ಇನ್ನು ಕೆಲವೇ ಗಂಟೆಗಳ ದಾರಿ. ತರುಣ ಎದ್ದು ಎರಡು ಹೆಜ್ಜೆ ಇಟ್ಟು ಕಲ್ಲಿನ ಮೇಲೆ ಕುಳಿತುಬಿಡುತ್ತಾನೆ. ಮೇಲಿನ ಮೆಟ್ಟಿಲುಗಳತ್ತ ನೋಡುತ್ತಾನೆ. ಜೊತೆಯವರು ಮರುಮಾತಾಡದೆ ಕಂಬಳಿಯನ್ನು ಬಿಚ್ಚಿ, ಅದಕ್ಕೆ ಕಟ್ಟಲು ಗಟ್ಟಿಯಾದ ಎರಡು ಕೋಲುಗಳನ್ನು ಹುಡುಕತೊಡಗುತ್ತಾರೆ.