ಊರಿಗೆ ಹೋಗಿ ಕಾಗದ ಬರೆಯುತ್ತೇವೆ

ಹೆಣ್ಣು ನೋಡುವ ಶಾಸ್ತ್ರವೆಂದರೆ ಉಪ್ಪಿಟ್ಟು, ಕೇಸರಿಬಾತು ಎಂದಷ್ಟೇ ತಿಳಿದವರು ಅದರ ಅರ್ಧವನ್ನು ಮಾತ್ರ ಕಂಡವರು. ಗಂಡಿನ ಕಡೆಯವರು ಬಂದು ಜಮಖಾನದ ಮೇಲೆ ಕೂರುವ ಹೊತ್ತಿಗೆ ಅಸಲು ಕೆಲಸ ಮುಗಿದಿರುತ್ತಿತ್ತು. ಸೋದರಮಾವನೊಬ್ಬ ಆ ಊರಿನ ಅಂಗಡಿಯಲ್ಲಿ ಮಾತಿಗೆ ಮಾತು ತೆಗೆದು ವಿಚಾರಿಸಿರುತ್ತಿದ್ದ. ಪಕ್ಕದ ಬೀದಿಯ ನೆಂಟರು ಮನೆತನದ ಹಿಂದುಮುಂದು ಹೇಳಿರುತ್ತಿದ್ದರು. ಜಾತಕವನ್ನು ಎರಡು ಕಡೆ ತೋರಿಸಿಯಾಗಿರುತ್ತಿತ್ತು. ಉಳಿದದ್ದು ‘ಹಾಡು ಬರುತ್ತೇನಮ್ಮಾ?’ ಎಂಬ ಪ್ರಶ್ನೆ, ತಲೆ ತಗ್ಗಿಸಿ ಕೂತ ಹುಡುಗಿಯ ಒಂದು ದೇವರನಾಮ, ಕೊನೆಗೆ ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂಬ ಮಂಗಳ. ಪುಸ್ತಕದಲ್ಲಿ ವಧುಪರೀಕ್ಷೆ ಎಂದು ಬರೆದರೂ ಆಡುಮಾತಿನಲ್ಲಿ ಅದು ಶಾಸ್ತ್ರವಾಗಿಯೇ ಉಳಿಯಿತು. ತಟ್ಟೆ ಖಾಲಿಯಾಗುವಷ್ಟರಲ್ಲಿ ಒಬ್ಬ ಮನುಷ್ಯಳನ್ನು ಪರೀಕ್ಷಿಸಿ ಮುಗಿಸಬಹುದೆಂಬ ಭ್ರಮೆ ಆ ಮಾತಿನಲ್ಲಿ ಇಲ್ಲ. ಹುಡುಗಿಗೆ ತಿರುಗಿ ಕೇಳುವ ಹಕ್ಕಿಲ್ಲದ ಆ ಪದ್ಧತಿಯನ್ನು ಹೊಗಳುವ ಅಗತ್ಯವಿಲ್ಲ. ಆದರೆ ನೋಡುವುದು ಬೇರೆ, ವಿಚಾರಿಸುವುದು ಬೇರೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ಪ್ರತಿವರ್ಷ ಫೆಬ್ರವರಿಯ ಆಸುಪಾಸಿನಲ್ಲಿ ಇಂಥದೇ ದೃಶ್ಯ ದೇಶದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ನಡೆಯುತ್ತದೆ. ನವೆಂಬರಿನ ಕೊನೆಯಲ್ಲಿ ಸುಮಾರು ಮೂರು ಲಕ್ಷ ಮಂದಿ ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಇಂಗ್ಲಿಷು, ತರ್ಕ, ಗಣಿತ ಎಂದು ಮೂರು ಭಾಗ, ಒಟ್ಟು 120 ನಿಮಿಷ. ಫಲಿತಾಂಶ ಬಂದ ಮೇಲೆ, ಪರ್ಸೆಂಟೈಲಿನ ಜೊತೆಗೆ ಹತ್ತನೆಯ ತರಗತಿಯಿಂದ ಹಿಡಿದು ಎಲ್ಲ ಅಂಕಗಳನ್ನೂ ತೂಗಿ ಕೆಲವು ಸಾವಿರ ಮಂದಿಯನ್ನು ಕರೆಯುತ್ತಾರೆ. ಬನ್ನೇರುಘಟ್ಟ ರಸ್ತೆಯ ಕಲ್ಲುಗೋಡೆಗಳ ಐಐಎಂ ಇರಲಿ, ಅಹಮದಾಬಾದಿನ ಕೆಂಪಿಟ್ಟಿಗೆಯ ಐಐಎಂ ಇರಲಿ, ಸಮಾಚಾರ ಒಂದೇ: ಇಸ್ತ್ರಿ ಮಾಡಿದ ಅಂಗಿ, ಎದೆಗವಚಿಕೊಂಡ ಫೈಲು, ಒಂದು ಸಣ್ಣ ಬರಹದ ಪರೀಕ್ಷೆ, ಆಮೇಲೆ ಇಬ್ಬರು ಮೂವರು ಪ್ರಾಧ್ಯಾಪಕರ ಮುಂದೆ ಇಪ್ಪತ್ತು ನಿಮಿಷ. ‘ನಿಮ್ಮ ಬಗ್ಗೆ ಹೇಳಿ’, ‘ಎಂಬಿಎ ಯಾಕೆ?’ ಎಂಬವು ಇಲ್ಲಿಯ ‘ಹಾಡು ಬರುತ್ತೇನಮ್ಮಾ’. ನನ್ನ ವಾದ ಇಷ್ಟೇ. ಅಭ್ಯರ್ಥಿಯನ್ನು ಅಳೆಯುವ ಕೋಲಾಗಿ ಈ ಸಂದರ್ಶನ ನೆಚ್ಚಿಕೊಳ್ಳುವಂಥದ್ದಲ್ಲ. ಅದರ ಬೆಲೆಯೆಲ್ಲ ಇರುವುದು ಅದಕ್ಕೆ ಹಿಂದಿನ ಒಂದು ತಿಂಗಳಲ್ಲಿ, ಅಭ್ಯರ್ಥಿ ತನ್ನನ್ನು ತಾನು ವಿಚಾರಿಸಿಕೊಂಡರೆ. ನಮ್ಮ ಭಾಷೆಯಲ್ಲಿ ‘ವಿಚಾರ’ ಎಂದರೆ ಕೇಳಿ ತಿಳಿಯುವುದೂ ಹೌದು, ಯೋಚಿಸುವುದೂ ಹೌದು. ತಯಾರಿ ಎಂಬ ಮಾತಿಗೆ ಈ ಎರಡೂ ಅರ್ಥ ಬರಬೇಕು.

ಕೋಲು ಸರಿಯಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 1979ರಲ್ಲಿ ಸುಮಾರು 800 ಮಂದಿಯನ್ನು ಸಂದರ್ಶಿಸಿ, ಸಾಲಾಗಿ ಪಟ್ಟಿ ಮಾಡಿ, 150 ಮಂದಿಯನ್ನು ಆರಿಸಿತು. ಆಮೇಲೆ ಅಲ್ಲಿನ ಶಾಸನಸಭೆ ಇನ್ನೂ 50 ಸೀಟು ತುಂಬಲೇಬೇಕು ಎಂದಿತು. ಅಷ್ಟರಲ್ಲಿ ಪಟ್ಟಿಯ ಮೇಲ್ತುದಿಯವರೆಲ್ಲ ಬೇರೆ ಬೇರೆ ಕಡೆ ಸೇರಿಯಾಗಿತ್ತು. ಕಾಲೇಜು ವಿಧಿಯಿಲ್ಲದೆ ಪಟ್ಟಿಯ ಬುಡದಲ್ಲಿದ್ದವರನ್ನು, ತಾನೇ ಬೇಡವೆಂದವರನ್ನು, ಕರೆಯಿತು. 1987ರಲ್ಲಿ ಪ್ರಕಟವಾದ ಅಧ್ಯಯನ ಎರಡೂ ಗುಂಪುಗಳನ್ನು ಹೋಲಿಸಿ ನೋಡಿತು. ಪರೀಕ್ಷೆಯಲ್ಲಾಗಲಿ, ರೋಗಿಗಳ ಹತ್ತಿರದ ಕೆಲಸದಲ್ಲಾಗಲಿ, ಓದು ಬಿಟ್ಟವರ ಲೆಕ್ಕದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವರನ್ನು ಬುಡಕ್ಕೆ ತಳ್ಳಿದ್ದು ಹೆಚ್ಚಾಗಿ ಸಂದರ್ಶಕರ ಅಭಿಪ್ರಾಯವೇ ಆಗಿತ್ತು. 2013ರ ಇನ್ನೊಂದು ಪ್ರಯೋಗ ಇದಕ್ಕಿಂತ ತಮಾಷೆಯದು. ವಿದ್ಯಾರ್ಥಿಗಳು ಸಹಪಾಠಿಗಳನ್ನು ಸಂದರ್ಶಿಸಿ ಅವರಿಗೆ ಮುಂದೆ ಎಷ್ಟು ಅಂಕ ಬರಬಹುದೆಂದು ಊಹಿಸಬೇಕಿತ್ತು. ಕೆಲವರು ಹೌದು–ಇಲ್ಲ ಪ್ರಶ್ನೆಗಳಿಗೆ ಮನಸ್ಸಿಗೆ ತೋಚಿದ್ದನ್ನಲ್ಲ, ಸುಮ್ಮನೆ ಚೀಟಿ ಎತ್ತಿದ ಹಾಗೆ ಉತ್ತರಿಸಿದರು. ಕೇಳುತ್ತಿದ್ದವರಿಗೆ ಅದು ತಿಳಿಯಲೇ ಇಲ್ಲ. ‘ಈ ಮನುಷ್ಯ ನನಗೆ ಅರ್ಥವಾದ’ ಎಂಬ ನಂಬಿಕೆಯೂ ಕುಗ್ಗಲಿಲ್ಲ. ಸಂದರ್ಶನ ಮಾಡಿ ಊಹಿಸಿದವರಿಗಿಂತ ಹಳೆಯ ಅಂಕಪಟ್ಟಿಯನ್ನಷ್ಟೇ ನೋಡಿ ಊಹಿಸಿದವರೇ ನಿಜಕ್ಕೆ ಹತ್ತಿರವಾಗಿದ್ದರು. ಎದುರಿಗೆ ಕೂತವರ ಮಾತಿಗೆ ಅರ್ಥ ಕಟ್ಟುವುದು ಮನಸ್ಸಿನ ಚಾಳಿ. ಅರ್ಥವಿಲ್ಲದಲ್ಲಿಯೂ ಅದು ಕಟ್ಟುತ್ತದೆ.

ನಮ್ಮ ನ್ಯಾಯಾಲಯಗಳಿಗೂ ಈ ಅನುಮಾನ ಹೊಸದಲ್ಲ. ಅದರ ಒಂದು ಎಳೆ ಮೈಸೂರು ರಾಜ್ಯದಿಂದಲೇ ಹೊರಟಿದ್ದು. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದ ಮೈಸೂರು ಸರ್ಕಾರದ ಆದೇಶ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. 1964ರಲ್ಲಿ ಕೋರ್ಟು ಬಹುಮತದಿಂದ ಅದನ್ನು ಒಪ್ಪಿತು. ಆದರೆ 1980ರ ಅಜಯ್ ಹಾಸಿಯಾ ಪ್ರಕರಣದ ಹೊತ್ತಿಗೆ ಮಾತು ಬಿಗಿಯಾಗಿತ್ತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಮೌಖಿಕಕ್ಕೆ 50; ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ಮೂರು ನಿಮಿಷ, ಅದರಲ್ಲಿಯೂ ತಂದೆ ತಾಯಿ, ಮನೆ ಮಠದ ಪ್ರಶ್ನೆಗಳು. ಮೌಖಿಕಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯ ಕ್ರಮವಾಗುತ್ತದೆ ಎಂದಿತು ಕೋರ್ಟು. ಸಂದರ್ಶನವನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಡುವುದು ಒಳ್ಳೆಯದೆಂದೂ ಹೇಳಿತು. ಈ ತೀರ್ಪು ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಕುರಿತದ್ದಲ್ಲ, ನಿಜ. ಮರುವರ್ಷದ ಲೀಲಾಧರ್ ಪ್ರಕರಣದಲ್ಲಿ ಅದೇ ಕೋರ್ಟು, ವ್ಯಕ್ತಿತ್ವ ಇನ್ನೂ ಚಿಗುರುವ ವಯಸ್ಸಿನ ಕಾಲೇಜು ಹುಡುಗರ ಮಾತು ಬೇರೆ, ಮಾಗಿದವರನ್ನು ಹುದ್ದೆಗೆ ಆರಿಸುವಾಗ ಸಂದರ್ಶನಕ್ಕೆ ಹೆಚ್ಚು ತೂಕ ಕೊಡಬಹುದು ಎಂದೂ ಹೇಳಿದೆ. ಎಂಬಿಎಗೆ ಅರ್ಜಿ ಹಾಕುವ ಇಪ್ಪತ್ತೆರಡರ, ಇಪ್ಪತ್ತೈದರ ಹುಡುಗ ಹುಡುಗಿಯರು ಈ ಎರಡು ಮಾತಿನ ನಡುವೆ ಬರುತ್ತಾರೆ: ಚಿಗುರೂ ಅಲ್ಲ, ಮಾಗಿಯೂ ಇಲ್ಲ. ಆದರೂ ಐಐಎಂ ಅಹಮದಾಬಾದ್ ಇತ್ತೀಚಿನ ವರ್ಷಗಳಲ್ಲಿ ಪ್ರಕಟಿಸಿದ ಪ್ರವೇಶ ನೀತಿಯಲ್ಲಿ ಅಂತಿಮ ತೂಕದ ಅರ್ಧ ಸಂದರ್ಶನದ್ದು, ಕ್ಯಾಟಿನದು ಕಾಲುಭಾಗ. ಜಮಖಾನದ ಮೇಲಿನ ಇಪ್ಪತ್ತು ನಿಮಿಷಕ್ಕೆ ಅರ್ಧ ಜಾತಕದ ಬೆಲೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ತೂಕದ ಆಕ್ಷೇಪಣೆಯೇ. ಮ್ಯಾನೇಜರನ ಕಸುಬೇ ಮಾತಲ್ಲವೇ? ಗಿರಾಕಿಯನ್ನು ಒಪ್ಪಿಸಬೇಕು, ಕೆಲಸಗಾರರ ಅಸಮಾಧಾನ ಕೇಳಬೇಕು, ಗೊತ್ತಿಲ್ಲದ ಪ್ರಶ್ನೆಗೆ ಕಕ್ಕಾಬಿಕ್ಕಿಯಾಗದೆ ನಿಲ್ಲಬೇಕು. ಸಂದರ್ಶನ ಪರೀಕ್ಷಿಸುವುದು ಅದನ್ನೇ ಅಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಅಪರಿಚಿತರ ಮುಂದೆ ಇಪ್ಪತ್ತು ನಿಮಿಷ ಹೊಳೆಯುವುದು ಒಂದು ವಿದ್ಯೆ. ಪರಿಚಿತರ ನಡುವೆ ಇಪ್ಪತ್ತು ತಿಂಗಳು ನಂಬಿಕೆ ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಗೆಲ್ಲುವುದು ಬಹಳ ಸಲ ಚಿಕ್ಕಂದಿನಿಂದ ಇಂಗ್ಲಿಷ್ ಕೇಳಿದ ಕಿವಿ, ಹಿರಿಯರ ಎದುರು ಕಾಲಮೇಲೆ ಕಾಲು ಹಾಕಿ ಮಾತಾಡಿ ರೂಢಿಯಾದ ಮನೆತನ. ಇದಕ್ಕೆ ಮದ್ದಿಲ್ಲದೆ ಇಲ್ಲ. ಉದ್ಯೋಗದ ಆಯ್ಕೆಗಳ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಮಾಡಿದ ಮರುಲೆಕ್ಕ, ಮುಂದಿನ ಕೆಲಸಕ್ಕೂ ಸಂದರ್ಶನಕ್ಕೂ ಇರುವ ಸಂಬಂಧವನ್ನು ಸೊನ್ನೆಯಿಂದ ಒಂದರ ಅಳತೆಯಲ್ಲಿ ಹೇಳುತ್ತದೆ. ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕೆ 0.19, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.42. ಅಂದರೆ ತಪ್ಪು ಮಾತಿನದಲ್ಲ, ಹರಟೆಯದು. ಅಭ್ಯರ್ಥಿ ಮಾಡಿದ ಕೆಲಸವನ್ನು ಹಿಡಿದು ‘ಆಗ ಏನು ಮಾಡಿದೆ, ಯಾಕೆ ಮಾಡಿದೆ, ಆಮೇಲೆ ಏನಾಯಿತು’ ಎಂದು ಕೆದಕಿದಾಗ ಸಂದರ್ಶನ ಶಾಸ್ತ್ರದ ಕಡೆಯಿಂದ ವಿಚಾರಣೆಯ ಕಡೆಗೆ ನಾಲ್ಕು ಹೆಜ್ಜೆ ಬರುತ್ತದೆ.

ಸಂದರ್ಶಕರನ್ನು ತಿದ್ದುವುದು ಅಭ್ಯರ್ಥಿಯ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ತಯಾರಿ. ತಯಾರಿ ಎಂದರೆ ಇಂದು ಕೋಚಿಂಗ್ ಕೇಂದ್ರದ ಮಾಕ್ ಇಂಟರ್‌ವ್ಯೂ. ಅಲ್ಲಿ ಕಲಿಸುವುದು ಹಾಡನ್ನು. ‘ಎಂಬಿಎ ಯಾಕೆ?’ ಎಂದರೆ ‘ಹೋಲಿಸ್ಟಿಕ್ ಪರ್ಸ್‌ಪೆಕ್ಟಿವ್ ಬೆಳೆಸಿಕೊಂಡು, ಲೀಡರ್‌ಶಿಪ್ ರೋಲಿನಲ್ಲಿ ಇಂಪ್ಯಾಕ್ಟ್ ಮಾಡಬೇಕೆಂದಿದ್ದೇನೆ’ ಎಂಬ ದೇವರನಾಮ. ಪ್ಯಾನೆಲ್ಲಿನವರು ಒಂದೇ ದಿನದಲ್ಲಿ ಇದನ್ನು ಹತ್ತು ರಾಗದಲ್ಲಿ ಕೇಳಿರುತ್ತಾರೆ. ಇಂಥ ಉತ್ತರದ ಹುಳುಕು ಹಿಡಿಯಲು ಕನ್ನಡದವರ ಕೈಯಲ್ಲಿ ಒಂದು ಸುಲಭದ ಸಾಧನವಿದೆ. ಅದೇ ಉತ್ತರವನ್ನು ಮನೆಯಲ್ಲಿ, ಅನ್ನ ಬಡಿಸುತ್ತಿರುವ ಅಮ್ಮ ‘ಇರೋ ಕೆಲಸ ಬಿಟ್ಟು ಮತ್ತೆ ಯಾಕಪ್ಪ ಓದೋದು?’ ಎಂದು ಕೇಳಿದಾಗ ಕೊಡುವ ಹಾಗೆ ಕನ್ನಡದಲ್ಲಿ ಹೇಳಿ ನೋಡುವುದು. ಇಂಪ್ಯಾಕ್ಟಿಗೆ ಅಲ್ಲಿ ಜಾಗವಿಲ್ಲ. ‘ಮೂರು ವರ್ಷದಿಂದ ಯಾರೋ ತೀರ್ಮಾನಿಸಿದ್ದನ್ನು ಕೋಡು ಮಾಡಿಕೊಡ್ತಿದ್ದೀನಿ ಅಮ್ಮ, ಅದನ್ನೇ ಯಾಕೆ ಮಾಡಬೇಕು ಅಂತ ತೀರ್ಮಾನ ಮಾಡೋ ಕಡೆ ಹೋಗಬೇಕು’ ಎಂಬ ಮಾತು ಬಂದರೆ ಅದು ಉತ್ತರ. ‘ಸಂಬಳ ಜಾಸ್ತಿಯಾಗುತ್ತೆ’ ಎಂಬುದೇ ಬಂದರೆ, ಅದೂ ಉತ್ತರವೇ. ಆ ಸಂಬಳ ಯಾಕೆ ಬೇಕು, ಬೇರೆ ದಾರಿ ಯಾಕಿಲ್ಲ ಎಂದು ಮುಂದೆ ಕೇಳಿಕೊಳ್ಳಬಹುದು. ಕನ್ನಡದಲ್ಲಿ ಏನೂ ಬಾರದಿದ್ದರೆ ಇಂಗ್ಲಿಷಿನಲ್ಲಿದ್ದದ್ದೂ ಏನೂ ಅಲ್ಲ. ಮನೆಮಾತಿನಲ್ಲಿ ನಿಂತ ಉತ್ತರವನ್ನು ಆಮೇಲೆ ಇಂಗ್ಲಿಷಿಗೆ ತಂದರೆ ವ್ಯಾಕರಣ ಎಲ್ಲಿಯಾದರೂ ಎಡವೀತು, ಅರ್ಥ ಎಡವುವುದಿಲ್ಲ.

ವಿಚಾರಿಸಿಕೊಳ್ಳಬೇಕಾದ ಸಂಗತಿಗಳೂ ದೂರದಲ್ಲಿಲ್ಲ, ಅರ್ಜಿಯಲ್ಲೇ ಇವೆ. ಪಿಯುಸಿಯಲ್ಲಿ ಅಂಕ ಇಳಿದದ್ದು ಯಾಕೆ? ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಹೋದದ್ದು ಯಾಕೆ? ‘ನಾವು ಮಾಡಿದೆವು’ ಎಂದು ಬರೆದ ಪ್ರಾಜೆಕ್ಟಿನಲ್ಲಿ ‘ನಾನು’ ಎಷ್ಟು? ಊರಿನ ಹೆಸರೂ ಅರ್ಜಿಯಲ್ಲಿ ಇರುತ್ತದೆ, ಪ್ಯಾನೆಲ್ಲಿನವರು ಅದನ್ನು ಹಿಡಿದು ಕೇಳುವುದುಂಟು. ಹಾವೇರಿ ಜಿಲ್ಲೆಯ ಅಭ್ಯರ್ಥಿ ಅಮೆರಿಕದ ಕಂಪನಿಗಳ ಕೇಸ್ ಸ್ಟಡಿಗಳನ್ನು ಬಾಯಿಪಾಠ ಮಾಡಿ, ಪಕ್ಕದ ಬ್ಯಾಡಗಿಯ ಮಾರುಕಟ್ಟೆಯನ್ನು ಮರೆತಿರುತ್ತಾನೆ. ಖಾರ ಕಡಿಮೆಯಿದ್ದೂ ಬಣ್ಣಕ್ಕಾಗಿ ಬೆಲೆ ತರುವ ಮೆಣಸಿನಕಾಯಿ, ಆ ಬಣ್ಣವನ್ನು ಸತ್ವವಾಗಿ ತೆಗೆದು ತಿಂಡಿಗೂ ಸೌಂದರ್ಯ ಸಾಧನಗಳಿಗೂ ಮಾರುವ ಉದ್ಯಮ, ಬೆಲೆ ಏರುವವರೆಗೆ ಮಾಲನ್ನು ಕಾಯಿಸುವ ಶೀತಲಗೃಹಗಳು: ಬೇಡಿಕೆ, ದಾಸ್ತಾನು, ಮೌಲ್ಯವರ್ಧನೆ ಎಂದು ಪಠ್ಯದಲ್ಲಿರುವುದೆಲ್ಲ ಅಲ್ಲಿ ಚೀಲದಲ್ಲಿ ಬಿದ್ದಿದೆ. ಕಣ್ಣೆದುರಿಗಿನ ವ್ಯಾಪಾರ ಹೇಗೆ ನಡೆಯುತ್ತದೆಂದು ಎಂದೂ ಕೇಳದವನು ‘ನನಗೆ ವ್ಯವಹಾರದಲ್ಲಿ ಆಸಕ್ತಿ’ ಎಂದರೆ, ಪ್ಯಾನೆಲ್ಲು ನಂಬುವ ಮಾತು ಹಾಗಿರಲಿ, ಅವನು ತಾನೇ ಯಾಕೆ ನಂಬಬೇಕು? ಹಾರ್ವರ್ಡಿನ ಮೂವತ್ತು ನಿಮಿಷದ ಸಂದರ್ಶನದಲ್ಲಿ ಕೇಳುವವರು ಅರ್ಜಿಯನ್ನು ಪೂರ್ತಿ ಓದಿಕೊಂಡೇ ಬಂದಿರುತ್ತಾರೆ. ಸ್ಟ್ಯಾನ್‌ಫರ್ಡ್ ಬಹಳ ವರ್ಷಗಳಿಂದ, ನಿನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ ಎಂದು ಪ್ರಬಂಧ ಬರೆಸುತ್ತದೆ. ಅಲ್ಲಿಯೂ ಕಷ್ಟ ಕೊಡುವುದು ಆ ‘ಯಾಕೆ’ಯೇ.

ಆದರೂ ಹಾಡು ಕಲಿತವರೇ ಸೀಟು ಪಡೆಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಪಡೆಯುತ್ತಾರೆ, ಸುಳ್ಳಲ್ಲ. ನಾಲ್ಕಾರು ಸಲ ಜೋರಾಗಿ ಮಾತಾಡಿ ಅಭ್ಯಾಸ ಮಾಡಿದರೆ ದನಿಯ ನಡುಕ ಹೋಗುತ್ತದೆ, ಉತ್ತರ ಹಳಿ ತಪ್ಪುವುದು ನಿಲ್ಲುತ್ತದೆ. ಅಷ್ಟನ್ನು ಯಾರೂ ಬಿಡಬೇಕಾಗಿಲ್ಲ. ಸೋಲುವುದು ಎರಡನೆಯ ಪ್ರಶ್ನೆಯಲ್ಲಿ. ಕಲಿತ ಹಾಡಿಗೆ ಎರಡನೆಯ ಚರಣ ಇರುವುದಿಲ್ಲ. ವಿಚಾರಿಸಿಕೊಂಡವನಿಗೆ ಆ ಪ್ರಶ್ನೆ ಹಿಂದೆಯೇ ಬಂದು ಹೋಗಿರುತ್ತದೆ. ಇನ್ನು ಕೆಲವರು ಈ ತಂಟೆಯೇ ಬೇಡ, ಸಂದರ್ಶನವನ್ನೇ ತೆಗೆದುಹಾಕಿ ಎನ್ನುತ್ತಾರೆ. ಅದಕ್ಕೂ ಉದಾಹರಣೆ ಮನೆಯಲ್ಲೇ ಇದೆ. ಕರ್ನಾಟಕದಲ್ಲಿ ಪಿಜಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ಎಂಬಿಎ ಸೇರುವವರಿಗೆ ರ‍್ಯಾಂಕು ಉಂಟು, ಕೌನ್ಸೆಲಿಂಗ್ ಉಂಟು, ಸಂದರ್ಶನವಿಲ್ಲ. ವಶೀಲಿಗೆ ಜಾಗವಿಲ್ಲದ, ಬಡವರಿಗೆ ಹೆದರಿಕೆ ಹುಟ್ಟಿಸದ ಕ್ರಮ ಅದು. ನ್ಯಾಯದ ದೃಷ್ಟಿಯಿಂದ ನನಗೆ ಅದರ ಮೇಲೆ ಗೌರವವಿದೆ. ಆದರೆ ಅದರಲ್ಲಿ ನಷ್ಟವೊಂದಿದೆ. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ನಮ್ಮ ಹುಡುಗರನ್ನು ‘ಎಷ್ಟು ಬಂತು?’ ಎಂದು ಕೇಳುವವರು ಸಾವಿರ ಮಂದಿ, ‘ಯಾಕೆ ಓದುತ್ತೀ?’ ಎಂದು ಕೇಳುವವರು ಇಲ್ಲ. ಎಷ್ಟೇ ಒರಟಾಗಿರಲಿ, ಆ ಪ್ರಶ್ನೆ ಬದುಕಿನಲ್ಲಿ ಮೊದಲ ಸಲ ಕಿವಿಗೆ ಬೀಳುವುದು ಇಂಥ ಕೋಣೆಯಲ್ಲಿ. ಪ್ರಶ್ನೆ ಉಳಿಯಲಿ, ಅದಕ್ಕೆ ಕಟ್ಟಿದ ಬೆಲೆ ಇಳಿಯಲಿ, ಅರ್ಧದಿಂದ ಶೇ. 15ರ ಕಡೆಗೆ.

ಅಲ್ಲಿಯವರೆಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ–ಮೇಲುಗಳು ಬರುತ್ತಲೇ ಇರುತ್ತವೆ, ಬಹುಪಾಲು ‘ವಿಷಾದಿಸುತ್ತೇವೆ’ ಎನ್ನುವವು. ಊರಿಗೆ ಹೋಗಿ ಬರೆದ ಕಾಗದದಲ್ಲಿ ಹಿಂದಿನವರು ‘ಹುಡುಗಿ ಚೆನ್ನಾಗಿಲ್ಲ’ ಎಂದು ಬರೆಯುತ್ತಿರಲಿಲ್ಲ, ‘ಜಾತಕ ಕೂಡಿಬರಲಿಲ್ಲ’ ಎನ್ನುತ್ತಿದ್ದರು. ಅದು ಉಪಚಾರದ ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಹ್ಯೂಸ್ಟನ್ನಿನ ಆ ಐವತ್ತು ಮಂದಿಯನ್ನು ನೆನೆದರೆ, ಆ ಸುಳ್ಳಿನಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ನಿಜವಿತ್ತು ಅನಿಸುತ್ತದೆ. ಬೇಡವೆಂದವರು ಕಂಡದ್ದು ಇಪ್ಪತ್ತು ನಿಮಿಷವನ್ನು. ಕಾಗದ ಏನೇ ಹೇಳಲಿ, ಅಮ್ಮನಿಗೆ ಕೊಟ್ಟ ಉತ್ತರ ಸುಳ್ಳಾಗುವುದಿಲ್ಲ. ತೀರ್ಮಾನ ಮಾಡುವ ಕಡೆ ಹೋಗಲು ಇನ್ನೊಂದು ದಾರಿ ಹುಡುಕುವಾಗ ಅದು ಜೊತೆಗಿರುತ್ತದೆ.