ಹೂವಿನಹಡಗಲಿಯ ಕಂಪು

ಅರಸೀಕೆರೆ ಎಂದೊಡನೆ ಓದುಗರ ಮನಸ್ಸು ಹಾಸನ ಜಿಲ್ಲೆಯ ರೈಲು ಜಂಕ್ಷನ್ನಿಗೆ ಹೋಗುವುದು ಸಹಜ. ನಾವು 2022ರ ಬೇಸಗೆಯಲ್ಲಿ ಹೊರಟದ್ದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ. ಹರಪನಹಳ್ಳಿಯನ್ನು ಹಾದು ಉತ್ತರಕ್ಕೆ ಸಾಗಿದರೆ, ಬರಿದಾದ ಹೊಲಗಳಾಚೆ, ಹೆಸರಿನಲ್ಲಿಯೇ ಹೂ ಮುಡಿದ ಊರೊಂದು ಎದುರಾಗುತ್ತದೆ: ಹೂವಿನಹಡಗಲಿ. ವಿಜಯನಗರದ ಅರಸರ ಪೂಜೆಗೆ ಇಲ್ಲಿಂದ ತುಂಗಭದ್ರೆಯ ಮೇಲೆ ಹೂವು ಹೋಗುತ್ತಿತ್ತೆಂದು ಪ್ರತೀತಿ. ಇಲ್ಲಿಯ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಉಂಟು.

ಜೊತೆಗಿದ್ದ ಮಿತ್ರರು 2021ರ ಕೋವಿಡ್ ಜ್ವರದಲ್ಲಿ ಘ್ರಾಣಶಕ್ತಿಯನ್ನು ಕಳೆದುಕೊಂಡವರು. ಒಲೆಯ ಮೇಲೆ ಹಾಲು ಸೀದರೂ ಅವರಿಗೆ ತಿಳಿಯದು. ಒಗ್ಗರಣೆಯ ಘಮವಿಲ್ಲದ ಊಟ ಕೇವಲ ಹೊಟ್ಟೆಯ ಕೆಲಸ. ಕೊಂಡ ಮಾಲೆಯನ್ನು ಮುಖಕ್ಕೊತ್ತಿಕೊಂಡು, “ತಂಪು ತಿಳಿಯುತ್ತದೆ, ಕಂಪು ತಿಳಿಯದು” ಎಂದರು. ಹೂ ಕಟ್ಟುತ್ತಿದ್ದ ಅಜ್ಜಿ ನಕ್ಕು, “ದಿನಾ ಇದರಾಗ ಇರೋ ನಮಗೂ ತಿಳಿಯಂಗಿಲ್ರೀ” ಎಂದಳು.

ಇಬ್ಬರ ಮಾತೂ ನಿಜ. ಕಾರಣ ಮಾತ್ರ ಬೇರೆ.

ಮೂಗಿನ ಮೇಲ್ಭಾಗದ ನರಕೋಶಗಳಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳಿವೆ. ಅವುಗಳನ್ನು ರೂಪಿಸುವ ವಂಶವಾಹಿಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪ್ರಕಟಿಸಿ, 2004ರಲ್ಲಿ ನೊಬೆಲ್ ಪಡೆದರು. ಮನುಷ್ಯನಲ್ಲಿ ಇಂದಿಗೂ ಕೆಲಸ ಮಾಡುತ್ತಿರುವ ಇಂಥ ವಂಶವಾಹಿಗಳು ಸುಮಾರು 400. ಒಂದು ನರಕೋಶಕ್ಕೆ ಸಾಮಾನ್ಯವಾಗಿ ಒಂದೇ ಬಗೆಯ ಗ್ರಾಹಕ. ಆದರೆ ಒಂದು ಪರಿಮಳ ಹಲವು ಗ್ರಾಹಕಗಳನ್ನು ಒಟ್ಟಿಗೆ ಎಚ್ಚರಿಸುತ್ತದೆ. ಕೆಲವೇ ಅಕ್ಷರಗಳಿಂದ ಅಸಂಖ್ಯ ಪದಗಳಾಗುವಂತೆಯೇ ಇದು. ಮಲ್ಲಿಗೆಯ ಕಂಪೂ ಒಂದು ವಸ್ತುವಲ್ಲ. ಅದರಲ್ಲಿರುವ ಇಂಡೋಲ್ ಮಿತಿಯಲ್ಲಿದ್ದರೆ ಸೊಗಸು, ಮಿತಿಮೀರಿದರೆ ದುರ್ಗಂಧ! ವಂಶವಾಹಿಗಳು ಎಲ್ಲರಲ್ಲಿಯೂ ಒಂದೇ ಸಮನಾಗಿಲ್ಲ; ಆದುದರಿಂದ ಒಬ್ಬರ ಮಲ್ಲಿಗೆ ಇನ್ನೊಬ್ಬರ ಮಲ್ಲಿಗೆಯಲ್ಲ.

ಅಜ್ಜಿಯದು ರೂಢಿಯ ಮರೆವು: ಎಡೆಬಿಡದೆ ಬರುವ ವಾಸನೆಯನ್ನು ನರಕೋಶಗಳೂ ಮೆದುಳೂ ಗಮನಿಸದಾಗುತ್ತವೆ. ಕೆಲಕಾಲ ದೂರವಿದ್ದು ಬಂದರೆ ಕಂಪು ಮತ್ತೆ ಹೊಸದು. ಮಿತ್ರರದು ಪೆಟ್ಟು. ಕೊರೋನಾ ವೈರಾಣು ಮುಖ್ಯವಾಗಿ ಹಾಳುಗೆಡವುವುದು ನರಕೋಶಗಳಿಗೆ ಆಸರೆಯಾದ ಕೋಶಗಳನ್ನು. ಘ್ರಾಣದ ನರಕೋಶಗಳಾದರೋ ಜೀವನವಿಡೀ ಹೊಸದಾಗಿ ಹುಟ್ಟಬಲ್ಲವು. ನಿಂಬೆ, ಲವಂಗ, ಗುಲಾಬಿ, ನೀಲಗಿರಿಗಳನ್ನು ದಿನಕ್ಕೆರಡು ಬಾರಿ, ತಿಂಗಳುಗಟ್ಟಲೆ ಮೂಸಬೇಕೆಂದು ವೈದ್ಯರು ಹೇಳುವ ಅಭ್ಯಾಸಕ್ಕೆ ಈ ಭರವಸೆಯೇ ಆಧಾರ.

ಹಡಗಲಿಯಿಂದ ಮರಳಿದ ಮೇಲೆ ಮಿತ್ರರು ಆ ನಾಲ್ಕಕ್ಕೆ ಮಲ್ಲಿಗೆಯನ್ನೂ ಸೇರಿಸಿಕೊಂಡರು. ಮೊದಲು ಮರಳಿದ್ದು ಲವಂಗ. ಮಲ್ಲಿಗೆಗಾಗಿ ಇನ್ನೂ ಕಾಯುತ್ತಿದ್ದಾರೆ.