‘ಲಾಂಗ್’ ಅಂದ್ರೆ ಎಷ್ಟುದ್ದ?

‘ಲಾಂಗ್’ ಅಂದ ತಕ್ಷಣ ನಿಮಗೆ ಮೊದಲು ಏನು ನೆನಪಾಗುತ್ತೆ? ನಿಜ ಹೇಳಿ. ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ಮಚ್ಚು! ಉಪೇಂದ್ರ ನಿರ್ದೇಶಿಸಿ, ಶಿವರಾಜ್‌ಕುಮಾರ್ ನಟಿಸಿದ ‘ಓಂ’ ಸಿನಿಮಾ 1995ರಲ್ಲಿ ಬಂತಲ್ಲ, ಅಲ್ಲಿಂದೀಚೆಗೆ ರೌಡಿ ಕಥೆಯ ಸಿನಿಮಾಗಳಲ್ಲಿ ಲಾಂಗು ಒಂದು ಖಾಯಂ ಪಾತ್ರಧಾರಿ. ಪೇಪರಿನಲ್ಲೂ ‘ಲಾಂಗ್ ಹಿಡಿದು ರೀಲ್ಸ್ ಮಾಡಿದವನ ಬಂಧನ’ ಅಂತ ಸುದ್ದಿ ಬರುತ್ತೆ. ಇಂಗ್ಲಿಷಿನಲ್ಲಿ ಪಾಪ ಸುಮ್ಮನೆ ಉದ್ದ ಹೇಳುತ್ತಿದ್ದ ಗುಣವಾಚಕ, ಕನ್ನಡಕ್ಕೆ ಬಂದು ನಾಮಪದವಾಗಿ ಕೈಗೇ ಸಿಕ್ಕಿಬಿಟ್ಟಿತು.

ಅದು ಬಿಟ್ಟರೆ ಲಾಂಗ್ ಡ್ರೈವ್, ಲಾಂಗ್ ವೀಕೆಂಡ್, ಲಾಂಗ್ ಜಂಪ್, ಶಾಲೆಯ ಲಾಂಗ್ ನೋಟ್‌ಬುಕ್. ಇಷ್ಟು ಬಳಕೆಯ ಪದದಲ್ಲಿ ಹೊಸದಾಗಿ ತಿಳಿಯೋಕೆ ಏನಿದೆ ಅನಿಸಬಹುದು. ಆದರೆ ನಾನು ಹಗಲೆಲ್ಲ ಕೆಲಸ ಮಾಡೋದು ಇಂಗ್ಲಿಷಿನಲ್ಲಿ, ಸಂಜೆ ಮನೆಗೆ ಬಂದು ಜಗಳ, ಊಟ, ನಗು ಎಲ್ಲ ಕನ್ನಡದಲ್ಲಿ. ಎರಡರ ನಡುವೆ ಓಡಾಡುವಾಗ ಈ ಪುಟ್ಟ ಪದ ಆಗಾಗ ಕಾಲಿಗೆ ತೊಡರುತ್ತಲೇ ಇರುತ್ತೆ.

ಮೊದಲು ಮನುಷ್ಯರ ವಿಷಯಕ್ಕೆ ಬನ್ನಿ. ಮದುವೆ ಮಾತುಕತೆಯಲ್ಲಿ ನಮ್ಮತ್ತೆ ‘ಹುಡುಗ ಒಳ್ಳೆ ಉದ್ದ ಇದಾನೆ’ ಅಂತಾರೆ. ಕನ್ನಡದಲ್ಲಿ ಜಡೆಯೂ ಉದ್ದ, ರಸ್ತೆಯೂ ಉದ್ದ, ಹುಡುಗನೂ ಉದ್ದ. ಇಂಗ್ಲಿಷಿನಲ್ಲಿ ಜಡೆ, ರಸ್ತೆ ಎರಡೂ ಲಾಂಗ್, ಹುಡುಗ ಮಾತ್ರ ಟಾಲ್. ನಿಂತಿರೋದಕ್ಕೆ ಟಾಲ್, ಮಲಗಿರೋದಕ್ಕೆ ಲಾಂಗ್ ಅಂತ ಸುಮಾರಾಗಿ ಇಟ್ಟುಕೊಳ್ಳಬಹುದು. ಇದಕ್ಕೆ ಒಂದು ಮುದ್ದಾದ ಸಾಕ್ಷಿಯೂ ಇದೆ. ಆಗ ತಾನೇ ಹುಟ್ಟಿದ ಮಗುವನ್ನು ಇಂಗ್ಲಿಷಿನವರು ‘ಟಾಲ್’ ಅನ್ನಲ್ಲ, ‘ಐವತ್ತು ಸೆಂಟಿಮೀಟರ್ ಲಾಂಗ್’ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಕೂಡ ಎರಡು ವರ್ಷದವರೆಗೆ ಮಗುವನ್ನು ಮಲಗಿಸಿ ಅಳೆದು ‘ಲೆಂಗ್ತ್’ ಬರೀತಾರೆ. ಆಮೇಲೆ ನಿಲ್ಲಿಸಿ ಅಳೆದು ‘ಹೈಟ್’ ಬರೀತಾರೆ. ಅಂದರೆ ನಾವೆಲ್ಲರೂ ಮೊದಲು ಲಾಂಗ್ ಆಗಿದ್ದು, ಎದ್ದು ನಿಂತ ಮೇಲೆ ಟಾಲ್ ಆದವರೇ.

ಇನ್ನು ನಮ್ಮ ಬೆಂಗಳೂರು ಭಾಷೆ. ‘ಆಫೀಸಿಂದ ಮನೆ ತುಂಬಾ ಲಾಂಗ್ ಆಗತ್ತೆ ಗುರು’ ಅಂತ ದಿನಾ ಕೇಳ್ತೀವಿ. ಕನ್ನಡದೊಳಗೆ ಅದು ಸಲೀಸು, ಯಾರಿಗೂ ಗೊಂದಲ ಇಲ್ಲ. ಅದನ್ನೇ ‘ಮೈ ಹೌಸ್ ಈಸ್ ವೆರಿ ಲಾಂಗ್’ ಅಂತ ಲಂಡನ್ನಿನ ಕ್ಲೈಂಟಿಗೆ ಹೇಳಿದರೆ, ಅವರ ಕಣ್ಣಮುಂದೆ ರೈಲು ಡಬ್ಬಿಯಂಥ ಮನೆಯೊಂದು ಬರುತ್ತೆ. ಅವರಿಗೆ ದೂರ ಅಂದರೆ ‘ಫಾರ್’, ಇಲ್ಲವೇ ‘ಎ ಲಾಂಗ್ ವೇ’. ಉದ್ದ ಇರೋದು ದಾರಿಗೆ, ಮನೆಗಲ್ಲ.

ಈಮೇಲ್ ಬರೆಯೋರಿಗೆ ಇನ್ನೊಂದು ವಿಷಯ. ‘ಪೆಂಡಿಂಗ್ ಸಿನ್ಸ್ ಲಾಂಗ್’ ಅನ್ನೋದು ಭಾರತದ ಆಫೀಸುಗಳಲ್ಲಿ ಬೆಳೆದ ಪ್ರಯೋಗ. ನಮ್ಮೊಳಗೆ ನಡೆಯುತ್ತೆ. ಬ್ರಿಟನ್, ಅಮೆರಿಕದವರು ಅಲ್ಲಿ ‘ಫಾರ್ ಎ ಲಾಂಗ್ ಟೈಮ್’ ಅಂತಾರೆ. ಹಾಗೆಯೇ ‘ಡಿಡ್ ಇಟ್ ಟೇಕ್ ಲಾಂಗ್?’ ಅಂತ ಕೇಳಬಹುದು, ‘ಇಟ್ ಡಿಡಂಟ್ ಟೇಕ್ ಲಾಂಗ್’ ಅಂತ ಇಲ್ಲ ಅನ್ನಬಹುದು. ಆದರೆ ಹೌದು ಅನ್ನೋವಾಗ ಬರೀ ‘ಇಟ್ ಟುಕ್ ಲಾಂಗ್’ ಅಂದರೆ ಅವರ ಕಿವಿಗೆ ಅದು ಅರ್ಧಕ್ಕೆ ನಿಂತ ಮಾತು. ‘ಇಟ್ ಟುಕ್ ಎ ಲಾಂಗ್ ಟೈಮ್’ ಅಂತ ಪೂರ್ತಿ ಮಾಡಬೇಕು. ಪ್ರಶ್ನೆಗೂ ನಿಷೇಧಕ್ಕೂ ಒಂಟಿಯಾಗಿ ಬರೋ ಪದ, ಒಪ್ಪಿಗೆಗೆ ಮಾತ್ರ ಜೊತೆಗೊಬ್ಬರನ್ನ ಕರಕೊಂಡು ಬರುತ್ತೆ. ‘ಟೂ ಲಾಂಗ್’, ‘ಸೋ ಲಾಂಗ್’ ಅಂತ ಹಿಂದೊಂದು ಪದ ಸೇರಿದರೆ ಮತ್ತೆ ಸರಿ.

ಈಗ ನನ್ನನ್ನು ಈ ಪದದ ಹಿಂದೆ ಬೀಳಿಸಿದ ಸಂಗತಿ ಹೇಳ್ತೀನಿ.

ಅಪ್ಪ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶ ಪೂರ್ತಿ ಸೋತಿತ್ತು. ನೋಡುತ್ತಿದ್ದ ಡಾಕ್ಟರು ಉತ್ತರ ಭಾರತದವರು, ಒಳ್ಳೆಯವರು, ಕನ್ನಡ ಬರುತ್ತಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ನಡುವೆ ನಾನು. ಒಂದು ಸಂಜೆ ಐಸಿಯು ಬಾಗಿಲಲ್ಲಿ ಅಮ್ಮ ನನ್ನ ಕೈ ಹಿಡಿದು, ‘ಇನ್ನೆಷ್ಟು ದಿನ ಅಂತ ಕೇಳು ಮಗಾ’ ಅಂದಳು. ನಾನು ಡಾಕ್ಟರ ಕಡೆ ತಿರುಗಿ ‘ಹೌ ಲಾಂಗ್, ಡಾಕ್ಟರ್?’ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು ‘ನಾಟ್ ಲಾಂಗ್’ ಅಂದರು.

ಇಂಗ್ಲಿಷಿನಲ್ಲಿ ಅದು ಪೂರ್ತಿ ಉತ್ತರ. ಸಭ್ಯವಾದ ಉತ್ತರ ಕೂಡ. ಅಮ್ಮ ನನ್ನ ಮುಖ ನೋಡುತ್ತಾ ನಿಂತಿದ್ದಳು. ಆ ಎರಡು ಪದವನ್ನು ಅವಳಿಗೆ ಹೇಗೆ ಹೇಳೋದು? ಕನ್ನಡದಲ್ಲಿ ‘ಉದ್ದ ಇಲ್ಲ’ ಅನ್ನೋಕಾಗಲ್ಲ. ಜಾಸ್ತಿ ಹೊತ್ತಿಲ್ಲ ಅನ್ನಬೇಕು, ಜಾಸ್ತಿ ದಿನ ಇಲ್ಲ ಅನ್ನಬೇಕು, ಇಲ್ಲ ಜಾಸ್ತಿ ಕಾಲ ಇಲ್ಲ ಅನ್ನಬೇಕು. ಹೊತ್ತು ಅಂದರೆ ಈ ರಾತ್ರಿ. ದಿನ ಅಂದರೆ ಊರಿಂದ ದೊಡ್ಡಪ್ಪ ಬಂದು ನೋಡಬಹುದು. ಕಾಲ ಅಂದರೆ ಮನೆಗೆ ಕರಕೊಂಡು ಹೋಗಬಹುದೇನೋ. ಮೂರರಲ್ಲಿ ಯಾವುದನ್ನು ಆರಿಸಿದರೂ ಅಮ್ಮ ಅದನ್ನೇ ನಂಬುತ್ತಾಳೆ.

ನಾನು ಮತ್ತೆ ಡಾಕ್ಟರನ್ನೇ ಕೇಳಿದೆ, ‘ಅವರ್ಸ್, ಡೇಸ್, ಆರ್ ವೀಕ್ಸ್?’ ಅವರು ಈ ಸಲ ನನ್ನನ್ನಲ್ಲ, ಅಮ್ಮನನ್ನು ನೋಡಿ ‘ಡೇಸ್’ ಅಂದರು. ‘ಜಾಸ್ತಿ ದಿನ ಇಲ್ಲವಂತಮ್ಮ’ ಅಂದೆ. ಅಮ್ಮ ತಲೆಯಾಡಿಸಿದಳು. ಅವಳು ಕೇಳಿದ್ದೂ ದಿನವನ್ನೇ. ನಾನು ಇಂಗ್ಲಿಷಿಗೆ ದಾಟಿಸುವಾಗ ಆ ‘ದಿನ’ಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಆ ರಾತ್ರಿಯೇ ದೊಡ್ಡಪ್ಪ ಸಾಗರದಿಂದ ಬಸ್ ಹತ್ತಿದರು. ಅಣ್ಣ ತಮ್ಮಂದಿರು ಜಮೀನಿನ ವಿಷಯಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಬೆಳಿಗ್ಗೆ ಅಪ್ಪನ ಪಕ್ಕ ಕೂತು ಅಡಿಕೆ ರೇಟು ಮಾತಾಡಿದರು. ಅಪ್ಪ ಇದ್ದದ್ದು 11 ದಿನ.

ಆಮೇಲೆ ನಿಧಾನವಾಗಿ ಯೋಚನೆ ಬಂತು. ಇಂಗ್ಲಿಷಿನ ‘ಹೌ ಲಾಂಗ್’ ಕಾಲವನ್ನೂ ಹಗ್ಗದ ಹಾಗೆ ಅಳೆಯುತ್ತೆ. ಎರಡು ನಿಮಿಷಕ್ಕೂ ಅದೇ, ಇಪ್ಪತ್ತು ವರ್ಷಕ್ಕೂ ಅದೇ. ಕೇಳುವವನು ಏನನ್ನೂ ಊಹಿಸಬೇಕಿಲ್ಲ. ಕನ್ನಡದಲ್ಲಿ ಹಾಗಲ್ಲ. ಬಸ್ಸಿಗೆ ‘ಎಷ್ಟು ಹೊತ್ತು’, ಜ್ವರಕ್ಕೆ ‘ಎಷ್ಟು ದಿನ’, ಸಾಲಕ್ಕೆ ‘ಎಷ್ಟು ವರ್ಷ’. ಪ್ರಶ್ನೆ ಕೇಳುವಾಗಲೇ ಉತ್ತರದ ಅಳತೆ ನಮ್ಮ ಮನಸ್ಸಿನಲ್ಲಿ ಕೂತಿರುತ್ತೆ. ಯಾವುದು ಹೆಚ್ಚು ಯಾವುದು ಕಡಿಮೆ ಅಂತಲ್ಲ. ಆದರೆ ಅಪ್ಪ ಅಮ್ಮನ ಪರವಾಗಿ ಡಾಕ್ಟರ್, ಲಾಯರ್, ಬ್ಯಾಂಕಿನವರ ಜೊತೆ ಮಾತಾಡೋ ಕೆಲಸ ಈಗ ನಮ್ಮ ವಯಸ್ಸಿನವರ ಮೇಲೇ ಬೀಳುತ್ತೆ. ಅಂಥ ಕಡೆ ‘ಹೌ ಲಾಂಗ್’ ಅಂತ ಕೇಳಿ ಸುಮ್ಮನಾಗಬೇಡಿ. ಗಂಟೆಯಾ, ದಿನವಾ, ತಿಂಗಳಾ ಅಂತ ಇನ್ನೊಂದು ಪ್ರಶ್ನೆ ಕೇಳಿ. ಅವರಿಗೂ ಬೇಜಾರಾಗಲ್ಲ, ಮನೆಯಲ್ಲಿರೋರಿಗೆ ತುಂಬಾ ವ್ಯತ್ಯಾಸ ಆಗುತ್ತೆ.

ಈ ಪದದ ಇನ್ನೊಂದು ರೂಪ ನನಗೆ ಇತ್ತೀಚೆಗೆ ಹತ್ತಿರವಾಗಿದೆ. ಹಂಬಲಿಸೋದಕ್ಕೆ ಇಂಗ್ಲಿಷಿನಲ್ಲಿ ‘ಲಾಂಗ್ ಫಾರ್’ ಅಂತಾರೆ, ಹಂಬಲಕ್ಕೆ ‘ಲಾಂಗಿಂಗ್’. ಇದು ಬರೀ ಉಚ್ಚಾರಣೆಯ ಹೋಲಿಕೆ ಅಲ್ಲ, ಮೂಲವೇ ಒಂದು. ಹಳೆಯ ಇಂಗ್ಲಿಷಿನ ‘ಲಾಂಗಿಯನ್’ ಅನ್ನೋ ಕ್ರಿಯಾಪದಕ್ಕೆ ಉದ್ದವಾಗು ಅಂತಲೂ ಅರ್ಥ, ಹಂಬಲಿಸು ಅಂತಲೂ ಅರ್ಥ. ಯಾರಿಗೋ ಕಾಯುತ್ತಾ ಕೂತಾಗ ಹೊತ್ತು ಉದ್ದ ಆಗೋದು ಆ ಕಾಲದವರಿಗೂ ಗೊತ್ತಿತ್ತು ಅಂತಾಯ್ತು. ನಮ್ಮಮ್ಮನಿಗೆ ಇದನ್ನು ಹೇಳಿದೆ. ‘ಸಂಜೆ ಹೊತ್ತು ಈಗೀಗ ಮುಗಿಯೋದೇ ಇಲ್ಲ ಕಣೋ’ ಅಂದಳು, ಅಷ್ಟೇ.

ಅದಕ್ಕೇ ಆಫೀಸಿಂದ ಹೊರಡುವಾಗ ಅವಳಿಗೆ ‘ಬೇಗ ಬರ್ತೀನಿ’ ಅಂತ ಹೇಳೋದು ಬಿಟ್ಟಿದ್ದೀನಿ. ‘ನಲವತ್ತು ನಿಮಿಷ ಅಮ್ಮ, ಸಿಲ್ಕ್ ಬೋರ್ಡಲ್ಲಿ ಟ್ರಾಫಿಕ್ ಇದ್ರೆ ಒಂದು ಗಂಟೆ’ ಅಂತೀನಿ. ನಿಮ್ಮ ದಾರಿ ನೋಡೋರು ಮನೆಯಲ್ಲಿದ್ದರೆ ನೀವೂ ಹಾಗೇ ಹೇಳಿ ನೋಡಿ. ಕಾಯೋ ಹೊತ್ತು ಸ್ವಲ್ಪ ಗಿಡ್ಡ ಆಗುತ್ತೆ.